ಬಲ್ಬು ಸಿಕ್ಕಿಸೋದಕ್ಕೂ ಒಂದು ಟೂಲು ಬೇಕಾ?

ಪ್ರಶ್ನೆ ತೀರಾ ಸಣ್ಣದು. ನಾಟಕದ ಲೈಟುಗಳಿಗೆ ಬಲ್ಬು ಹಾಕೋದಕ್ಕೆ, ತೆಗೆಯೋದಕ್ಕೆ ಅಂತಲೇ ಮಾಡಿರೋ ಕೆಲವು ಸಲಕರಣೆಗಳಿವೆ. ಬಲ್ಬನ್ನು ಹೋಲ್ಡರಿಗೆ ನೇರವಾಗಿ ಒತ್ತಿ ಕೂರಿಸುವ ಹಿಡಿಕೆ, ರಬ್ಬರ್ ಬಟ್ಟಲಿನಿಂದ ಗಾಜಿಗೆ ಅಂಟಿಕೊಂಡು ಬಲ್ಬನ್ನು ಹೊರಗೆ ಎಳೆಯುವ ಕೋಲು, ಇಂಥವು. ಯಾವುದರಲ್ಲೂ ಮೋಟಾರಿಲ್ಲ, ಬ್ಯಾಟರಿಯಿಲ್ಲ, ಚಿಪ್ಪಿಲ್ಲ. ಒಂದೇ ಕೆಲಸ ಮಾಡುತ್ತವೆ, ಬೇರೆ ಯಾವುದಕ್ಕೂ ಬರೋದಿಲ್ಲ. ಇದಕ್ಕೆ ದುಡ್ಡು ಹಾಕಬೇಕಾ, ಅಥವಾ ದೇವರು ಕೊಟ್ಟ ಹತ್ತು ಬೆರಳು ಸಾಕಾ?

ನಗಬೇಡಿ. ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ಈ ವಿಷಯಕ್ಕೆ ಅರ್ಧ ರಾತ್ರಿ ಚರ್ಚೆ ನಡೆದಿದೆ. ರಾಜಕೀಯದ ಬಗ್ಗೆ ಮಾತಾಡುವಾಗಲೂ ಅಷ್ಟು ದನಿ ಏರಿರಲಿಲ್ಲ :) ವಾರದ ದಿನ ಕಂಪ್ಯೂಟರಿನ ಮುಂದೆ ಕೂತು ಕೋಡ್ ಬರೆಯೋ ನಾನು, ಶನಿವಾರ ಭಾನುವಾರ ಲೈಟಿನ ಏಣಿ ಹತ್ತುವವನು. ಈ ಚರ್ಚೆಯಲ್ಲಿ ನಾನು ಟೂಲಿನ ಪಕ್ಷ. ಆದರೆ ಪಕ್ಷಕ್ಕೆ ಕೆಲವು ಷರತ್ತುಗಳಿವೆ. ಅದನ್ನೆಲ್ಲ ಒಂದು ಕಡೆ ಬರೆದಿಟ್ಟುಬಿಡೋಣ ಅಂತ ಈ ಪೋಸ್ಟು.

ಮೊದಲು ಬಲ್ಬಿನ ಕಥೆ. ಮನೆಯ ಬಲ್ಬು ಹಾಕುವಷ್ಟೇ ಸುಲಭ ಅಂತ ನೀವಂದುಕೊಂಡಿದ್ದರೆ ಚರ್ಚೆ ಇಲ್ಲೇ ಮುಗಿಯುತ್ತೆ. ಹಾಗಿಲ್ಲ.

ನಾಟಕದ ಲೈಟುಗಳಲ್ಲಿ ಉರಿಯೋದು ಬಹುತೇಕ ಟಂಗ್‌ಸ್ಟನ್ ಹ್ಯಾಲೊಜನ್ ಬಲ್ಬು. 500, 575, 650, 750, 1000 ವ್ಯಾಟ್, ಹೀಗೆ. ಒಳಗಿನ ತಂತಿ 3000 ಕೆಲ್ವಿನ್‌ಗೂ ಮೀರಿ ಕಾಯುತ್ತೆ. ಅಷ್ಟು ಕಾದಾಗ ಟಂಗ್‌ಸ್ಟನ್ ನಿಧಾನಕ್ಕೆ ಆವಿಯಾಗುತ್ತೆ. ಹಳೆಯ ಬಲ್ಬುಗಳಲ್ಲಿ ಆ ಆವಿ ಹೋಗಿ ಗಾಜಿನ ಒಳಮೈಗೆ ಮೆತ್ತಿಕೊಂಡು ಬಲ್ಬು ಕಪ್ಪಾಗುತ್ತಿತ್ತು. ಹ್ಯಾಲೊಜನ್ ಬಲ್ಬಿನಲ್ಲಿ ಅದರೊಳಗಿನ ಅನಿಲ ಆ ಟಂಗ್‌ಸ್ಟನ್ನನ್ನು ಹಿಡಿದುಕೊಂಡು ವಾಪಸ್ ತಂತಿಯ ಹತ್ತಿರ ತಂದುಬಿಡುತ್ತೆ. ಈ ಚಕ್ರ ತಿರುಗಬೇಕಾದರೆ ಬುರುಡೆಯ ಗೋಡೆಯೇ 250 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಿರಬೇಕು. ಅದಕ್ಕೇ ಬುರುಡೆ ಅಷ್ಟು ಪುಟ್ಟದು, ತಂತಿಗೆ ಅಷ್ಟು ಹತ್ತಿರ. ಸಾದಾ ಗಾಜು ಆ ಬಿಸಿ ತಡೆಯೋದಿಲ್ಲ, ಕ್ವಾರ್ಟ್ಜ್ ಬೇಕು.

ಈ ಕ್ವಾರ್ಟ್ಜಿಗೆ ಒಂದು ದೊಡ್ಡ ಶತ್ರು ಇದೆ: ನಮ್ಮ ಬೆರಳು. ಬೆರಳಿನಲ್ಲಿ ಎಣ್ಣೆ ಇದೆ, ಬೆವರಿನ ಉಪ್ಪು ಇದೆ. ಮುಟ್ಟಿದ ಕಡೆ ಕಣ್ಣಿಗೆ ಕಾಣದ ಕಲೆ ಉಳಿಯುತ್ತೆ. ಬಲ್ಬು ಕಾದಾಗ ಆ ಜಾಗದಲ್ಲಿ ಕ್ವಾರ್ಟ್ಜ್ ತನ್ನ ಗಾಜಿನ ಗುಣ ಕಳೆದುಕೊಂಡು ಹರಳುಗಟ್ಟೋಕೆ ಶುರು ಮಾಡುತ್ತೆ, ಮಬ್ಬಾಗುತ್ತೆ, ದುರ್ಬಲವಾಗುತ್ತೆ. ಕೊನೆಗೆ ಉಬ್ಬಬಹುದು, ಸೀಳಬಹುದು, ಒಳಗಿನ ಅನಿಲದ ಒತ್ತಡಕ್ಕೆ ಒಡೆದೇ ಹೋಗಬಹುದು. ಅದಕ್ಕೇ ಹ್ಯಾಲೊಜನ್ ಬಲ್ಬಿನ ಡಬ್ಬದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ ಅಂತ ಬರೆದಿರೋದು.

ನಮ್ಮ ಕಡೆಯವರಿಗೆ ಇದು ಹೊಸದೇನೂ ಅಲ್ಲ. ಗ್ಯಾಸ್‌ಲೈಟಿನ ಮ್ಯಾಂಟಲ್ ನೆನಪಿಸಿಕೊಳ್ಳಿ. ನಾನು ಹುಟ್ಟುವ ಹೊತ್ತಿಗೆ ನಮ್ಮೂರ ಯಕ್ಷಗಾನಕ್ಕೆ ಕರೆಂಟು ಬಂದು ಎಷ್ಟೋ ಕಾಲವಾಗಿತ್ತು. ಆದರೆ ಅಟ್ಟದ ಮೇಲೆ ಗ್ಯಾಸ್‌ಲೈಟ್ ಇತ್ತು, ಅದರ ಕಥೆ ಹೇಳೋಕೆ ಅಜ್ಜ ಇದ್ದರು. ಮ್ಯಾಂಟಲ್ಲನ್ನು ದಾರದಿಂದ ಕಟ್ಟಿ, ಒಮ್ಮೆ ಸುಟ್ಟರೆ ಬಟ್ಟೆ ಹೋಗಿ ಲೋಹದ ಆಕ್ಸೈಡಿನ ಬೂದಿಯ ಗೂಡಷ್ಟೇ ಉಳಿಯುತ್ತೆ. ಆಮೇಲೆ ಅದಕ್ಕೆ ಬೆರಳು ತಾಗಿಸಿದರೆ ಮುಗೀತು. "ಮುಟ್ಟಿದವನೇ ಬೆಳಗಿನ ತನಕ ಕತ್ತಲಲ್ಲಿ ಕುಣಿಯಬೇಕು" ಅಂತ ಅಜ್ಜ ಹೇಳುತ್ತಿದ್ದರು. ಬೆಳಕು ಕೊಡುವ ವಸ್ತುಗಳು ಯಾವ ಕಾಲದಲ್ಲೂ ಮಡಿ ಜಾಸ್ತಿ.

ಮುಟ್ಟೋ ವಿಷಯ ಹೀಗಾಯ್ತು. ಕೂರಿಸೋ ವಿಷಯ ಇದಕ್ಕಿಂತ ಮುಖ್ಯ, ಅದರ ಬಗ್ಗೆ ಯಾರೂ ಮಾತಾಡೋದಿಲ್ಲ.

1992ರಲ್ಲಿ ಅಮೆರಿಕದಲ್ಲಿ ಸೋರ್ಸ್ ಫೋರ್ ಅನ್ನೋ ಸ್ಪಾಟ್‌ಲೈಟು ಬಂತು. ಅದರ ಜೊತೆಗೇ ಎಚ್‌ಪಿಎಲ್ ಅನ್ನೋ ಬಲ್ಬು ಬಂತು. ನಾಲ್ಕು ಸಣ್ಣ ಸುರುಳಿಗಳನ್ನು ಒತ್ತಟ್ಟಿಗೆ ಜೋಡಿಸಿ, ಬುಡಕ್ಕೆ ಬಿಸಿ ಹೊರಹಾಕುವ ಲೋಹದ ರೆಕ್ಕೆಗಳನ್ನು ಕೊಟ್ಟು ಮಾಡಿದ ಬಲ್ಬು ಅದು. 575 ವ್ಯಾಟಿನಲ್ಲೇ ಹಳೆಯ 1000 ವ್ಯಾಟಿನ ಲೈಟುಗಳಿಗೆ ಸಡ್ಡು ಹೊಡೆಯಿತು. ಇವತ್ತು ಆ ಲೈಟು ಮತ್ತು ಅದರ ಮಾದರಿಯ ಲೈಟುಗಳು ಇಲ್ಲದ ವೃತ್ತಿಪರ ರಂಗಮಂದಿರ ಕಡಿಮೆ. ಈ ಬಲ್ಬಿನ ಎರಡು ಪಿನ್ನುಗಳು ಹೋಲ್ಡರಿನಲ್ಲಿ ಬಿಗಿಯಾಗಿ ಕೂರಬೇಕು, ಬುಡ ಪೂರ್ತಿ ತಳಕ್ಕೆ ಮುಟ್ಟಬೇಕು. ಹೊಸ ಹೋಲ್ಡರ್ ಆದರಂತೂ ಎಷ್ಟು ಬಿಗಿ ಅಂದರೆ, ಕೂತಿದೆ ಅಂತ ಅನ್ನಿಸುತ್ತೆ, ಆದರೆ ಕೂತಿರೋದಿಲ್ಲ. ಒಂದೋ ಎರಡೋ ಮಿಲಿಮೀಟರ್ ಬಾಕಿ ಇರುತ್ತೆ.

ಆ ಎರಡು ಮಿಲಿಮೀಟರ್ ಏನು ಮಾಡುತ್ತೆ? ಸ್ವಲ್ಪ ಲೆಕ್ಕ ಹಾಕೋಣ, ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ. 230 ವೋಲ್ಟಿನಲ್ಲಿ 750 ವ್ಯಾಟಿನ ಬಲ್ಬು ಎಳೆಯೋ ಕರೆಂಟು ಸುಮಾರು 3.3 ಆಂಪ್. ಪಿನ್ನು ಸರಿಯಾಗಿ ಕೂರದೆ ಆ ಸಂಪರ್ಕದಲ್ಲಿ ಅರ್ಧ ಓಮ್ ರೋಧ ಇದೆ ಅಂತಿಟ್ಟುಕೊಳ್ಳಿ. ಕರೆಂಟಿನ ವರ್ಗ ಗುಣಿಸು ರೋಧ, ಅಂದರೆ ಸುಮಾರು 5 ವ್ಯಾಟ್ ಬಿಸಿ. 1000 ವ್ಯಾಟಿನ ಬಲ್ಬಾದರೆ 9 ವ್ಯಾಟಿಗೂ ಹೆಚ್ಚು. ಐದು ವ್ಯಾಟ್ ಏನು ಮಹಾ ಅನ್ನಬೇಡಿ. ಆ ಬಿಸಿ ಇಡೀ ಹೋಲ್ಡರಿಗೆ ಹರಡಿಕೊಂಡು ಹುಟ್ಟೋದಿಲ್ಲ, ಸಾಸಿವೆ ಕಾಳಿಗಿಂತ ಚಿಕ್ಕ ಒಂದು ಚುಕ್ಕೆಯಲ್ಲಿ ಹುಟ್ಟುತ್ತೆ, ಅದೂ ಮೊದಲೇ ಕುದಿಯುತ್ತಿರುವ ಜಾಗದಲ್ಲಿ. ಸಾಲದ್ದಕ್ಕೆ ತಣ್ಣಗಿರುವ ಟಂಗ್‌ಸ್ಟನ್ ತಂತಿಯ ರೋಧ ಕಾದಾಗಿನ ರೋಧದ ಹದಿನೈದರಲ್ಲಿ ಒಂದು ಪಾಲಿನಷ್ಟಿರುತ್ತೆ. ಅಂದರೆ ಲೈಟು ಫಕ್ಕನೆ ಪೂರ್ತಿ ಹೊತ್ತಿದ ಮೊದಲ ಕ್ಷಣ ಅದೇ ಸಡಿಲ ಪಿನ್ನಿನ ಮೂಲಕ ಹಲವು ಪಟ್ಟು ಹೆಚ್ಚು ಕರೆಂಟು ನುಗ್ಗುತ್ತೆ. ಕಿಡಿ ಹಾರುತ್ತೆ. ಪಿನ್ನಿನ ಮೇಲೆ ಗುಳಿ ಬೀಳುತ್ತೆ. ಗುಳಿ ಬಿದ್ದ ಮೇಲೆ ರೋಧ ಇನ್ನೂ ಜಾಸ್ತಿ, ರೋಧ ಜಾಸ್ತಿಯಾದ ಮೇಲೆ ಬಿಸಿ ಇನ್ನೂ ಜಾಸ್ತಿ. ಕೊನೆಗೆ ಹೋಲ್ಡರ್ ಕರಟುತ್ತೆ.

ಅಸಲಿ ಅನಾಹುತ ಶುರುವಾಗೋದು ಇಲ್ಲಿ. ಕರಟಿದ ಹೋಲ್ಡರಿಗೆ ಹೊಸ ಬಲ್ಬು ಹಾಕಿದರೆ ಅದರ ಪಿನ್ನೂ ಸುಡುತ್ತೆ. ಆ ಸುಟ್ಟ ಪಿನ್ನಿನ ಬಲ್ಬನ್ನು ತೆಗೆದು ಇನ್ನೊಂದು ಒಳ್ಳೆ ಹೋಲ್ಡರಿಗೆ ಹಾಕಿ ನೋಡಿದರೆ ಆ ಹೋಲ್ಡರೂ ಕೆಡುತ್ತೆ. ಅಂಟುರೋಗದ ಹಾಗೆ ಲೈಟಿನಿಂದ ಲೈಟಿಗೆ ದಾಟುತ್ತೆ. ಪೆಟ್ಟಿಗೆ ತುಂಬ ಲೈಟಿದ್ದೂ ಅರ್ಧ ಹೊತ್ತೋದಿಲ್ಲ ಅನ್ನೋ ಬಾಡಿಗೆ ಸೆಟ್ಟುಗಳನ್ನು ನಾನು ನೋಡಿದ್ದೇನೆ. ಕಾರಣ ಹುಡುಕುತ್ತಾ ಹೋದರೆ ಬಹಳ ಸಲ ಸಿಗೋದು ಈ ಎರಡು ಮಿಲಿಮೀಟರು.

ಹಾಗಾದರೆ ಜೋರಾಗಿ ಒತ್ತಿದರಾಯ್ತಲ್ಲ? ಒತ್ತಬೇಕು. ಎಲ್ಲಿ ಒತ್ತೋದು? ಗಾಜಿನ ತುದಿ ಹಿಡಿದು ಒತ್ತಿದರೆ ಗಾಜು ಬುಡದಿಂದ ಕಳಚಬಹುದು, ಒಡೆದು ಅಂಗೈಗೆ ಹೋಗಬಹುದು. ಬುಡದ ಲೋಹದ ಮೇಲೇ ಒತ್ತಬೇಕು. ಆ ಬುಡ ಬೆರಳಿನ ಗೆಣ್ಣಿಗಿಂತ ಸ್ವಲ್ಪ ದೊಡ್ಡದು. ಎರಡು ಬೆರಳಿನ ತುದಿಯಲ್ಲಿ ಅದನ್ನು ಹಿಡಿದು, ಗಾಜಿಗೆ ತಾಗದ ಹಾಗೆ, ಓರೆಯಾಗದ ಹಾಗೆ, ಪೂರ್ತಿ ಬಲ ಹಾಕಿ ಒತ್ತಿ ನೋಡಿ. ಅದೂ ಏಣಿಯ ಮೇಲೆ ನಿಂತುಕೊಂಡು.

ಟೂಲು ಮಾಡೋದು ಇಷ್ಟೇ. ಗಾಜು ಒಳಗೆ ಹೋಗುವಷ್ಟು ಅಗಲದ ಒಂದು ಕೊಳವೆ, ಅದರ ಅಂಚು ಬುಡದ ಲೋಹದ ಮೇಲೆ ಕೂರುತ್ತೆ, ಹಿಂದೆ ಅಂಗೈ ಇಟ್ಟು ಒತ್ತೋದು. ಬಲ ನೇರವಾಗಿ ಬುಡಕ್ಕೆ ಹೋಗುತ್ತೆ, ಗಾಜಿಗೆ ಏನೂ ತಾಗೋದಿಲ್ಲ. ನೋಡಿದರೆ "ಅಯ್ಯೋ, ಇದಕ್ಕಾ ದುಡ್ಡು ಕೊಟ್ಟಿದ್ದು!" ಅನ್ನಿಸುತ್ತೆ.

ಇದರ ವಿರುದ್ಧದ ವಾದಗಳನ್ನೂ ಪ್ರಾಮಾಣಿಕವಾಗಿ ಹೇಳಬೇಕು. ನಮಗೆ ಲೈಟು ಬಾಡಿಗೆಗೆ ತರುವ ಒಬ್ಬರಿದ್ದಾರೆ. ವಯಸ್ಸು ಐವತ್ತರ ಮೇಲೆ, ನಾನು ಅಣ್ಣ ಅಂತ ಕರೀತೀನಿ, ಅವರು ನನ್ನನ್ನು ಎಷ್ಟು ಹೇಳಿದರೂ ಸಾರ್ ಅಂತಲೇ ಕರೀತಾರೆ. ಟೂಲನ್ನು ತೋರಿಸಿದಾಗ ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಚೆನ್ನಾಗೈತೆ ಸಾರ್. ಆದ್ರೆ ಬಲ್ಬು ಕೂತ್ಕೊಂಡಿದ್ದು ಇದಕ್ಕೆ ಗೊತ್ತಾಗಲ್ವಲ್ಲ. ಕೈಗೆ ಗೊತ್ತಾಗುತ್ತೆ."

ಇದು ಬರೀ ಹಟದ ಮಾತಲ್ಲ. ಮೂವತ್ತು ವರ್ಷ ಬಲ್ಬು ಕೂರಿಸಿದ ಬೆರಳಿಗೆ ಆ ಕೊನೆಯ ಜಾರುವಿಕೆ, ತಳ ಮುಟ್ಟಿದ ಗಟ್ಟಿತನ ಗೊತ್ತಾಗುತ್ತೆ. ಅವರು ಬುಡದ ಸುತ್ತ ಬಟ್ಟೆ ಸುತ್ತಿ ಹಾಕಿದ ಬಲ್ಬು ಒಂದೂ ಸಡಿಲ ಇದ್ದದ್ದು ನಾನು ನೋಡಿಲ್ಲ. ಅವರಿಗೆ ಈ ಟೂಲು ಬೇಡ, ಒಪ್ಪಿಕೊಳ್ತೀನಿ. ನಮ್ಮಮ್ಮ ದೋಸೆ ಹಿಟ್ಟಿಗೆ ಅಳತೆ ಲೋಟ ಇಟ್ಟುಕೊಳ್ಳದ ಹಾಗೆ ಅದು.

ಆದರೆ ಅಣ್ಣ ಎಲ್ಲಾ ಷೋಗೂ ಬರೋದಿಲ್ಲ. ಒಂದೇ ದಿನ ಮೂರು ಕಡೆ ಆರ್ಡರ್ ಇದ್ದರೆ ಹುಡುಗರನ್ನು ಕಳಿಸ್ತಾರೆ. ಆ ಹುಡುಗನಿಗೆ ಹತ್ತೊಂಬತ್ತೋ ಇಪ್ಪತ್ತೋ. ಹಿಂದಿನ ರಾತ್ರಿ ಯಾವುದೋ ಮದುವೆ ಆರ್ಕೆಸ್ಟ್ರಾ ಮುಗಿಸಿ, ಲಾರಿಯಲ್ಲೇ ಎರಡು ಗಂಟೆ ನಿದ್ದೆ ಮಾಡಿ ಬಂದಿರ್ತಾನೆ. ಮೂವತ್ತು ವರ್ಷದ ಬೆರಳು ಅವನಿಗೆ ಎಲ್ಲಿಂದ ಬರಬೇಕು? ಟೂಲು ಬೇಕಾಗಿರೋದು ಅವನಿಗೆ. ಒಳ್ಳೆಯ ಟೂಲು ಅಂದರೆ ಅನುಭವಸ್ಥರೊಬ್ಬರು ತಮ್ಮ ಕೈಯನ್ನು ಹೊಸಬನಿಗೆ ಸಾಲ ಕೊಟ್ಟ ಹಾಗೆ ಅಂತ ನನಗನ್ನಿಸುತ್ತೆ.

ಒಂದು ಷೋನಲ್ಲಿ ಆದದ್ದು ಹೇಳ್ತೀನಿ. ಊರು, ತಂಡ ಬೇಡ. ನಾಟಕದ ಕೊನೆಯಲ್ಲಿ ಅಜ್ಜಿ ಪಾತ್ರ ಒಬ್ಬಳೇ ಕೂತು ಮಾತಾಡುವ ದೃಶ್ಯ, ಅದಕ್ಕೆ ಅಂತಲೇ ಮೇಲಿನಿಂದ ಒಂದು ಸ್ಪಾಟು. ಅವತ್ತು ಮಧ್ಯಾಹ್ನ ತಾನೇ ಆ ಲೈಟಿಗೆ ಹೊಸ ಬಲ್ಬು ಬಿದ್ದಿತ್ತು. ಆ ದೃಶ್ಯದ ಮೂರನೇ ಮಾತಿಗೆ ಸ್ಪಾಟು ಎರಡು ಸಲ ಮಿಣುಕಿ ಆರಿಹೋಯ್ತು. ಆ ನಟಿ ಮಾತು ನಿಲ್ಲಿಸದೆ, ಪಕ್ಕದ ಲೈಟಿನ ಅಂಚು ಬೀಳುತ್ತಿದ್ದ ಕಡೆಗೆ ಕೂತಲ್ಲಿಂದಲೇ ಸರಿದರು. ಅರ್ಧ ಮುಖಕ್ಕೆ ಬೆಳಕು ಸಿಕ್ಕಿತು. ಪ್ರೇಕ್ಷಕರಿಗೆ ಅದೂ ನಿರ್ದೇಶಕರ ಕೈಚಳಕ ಅನ್ನಿಸಿರಬಹುದು, ಚಪ್ಪಾಳೆ ಜೋರಾಗಿಯೇ ಬಿತ್ತು. ಆದರೆ ನಾಲ್ಕು ತಿಂಗಳು ತಾಲೀಮು ಮಾಡಿದ ದೃಶ್ಯ ಅದು. ಒಳಗೆ ಬಂದ ಮೇಲೆ ಅವರು ಏನೂ ಹೇಳಲಿಲ್ಲ, ಮೇಕಪ್ ಒರೆಸುತ್ತಾ ಕಣ್ಣು ಒರೆಸಿಕೊಂಡರು. ಲೈಟು ಇಳಿಸಿ ಬಿಚ್ಚಿದರೆ ಬಲ್ಬಿನ ತಂತಿ ಸರಿಯಾಗಿಯೇ ಇತ್ತು, ಪಿನ್ನು ಒಂದು ಕಡೆ ಕಪ್ಪಾಗಿತ್ತು. ಬಲ್ಬು ಪೂರ್ತಿ ಕೂತಿರಲಿಲ್ಲ.

ಆ ಬಲ್ಬು ಹಾಕಿದ ಹುಡುಗನಿಗೆ ಎಲ್ಲರೆದುರು ಬೈಗುಳ ಬಿತ್ತು. ದಿನದ ಬಾಟಾದಲ್ಲೂ ಹಿಡಿದುಕೊಂಡರು ಅಂತ ಆಮೇಲೆ ಕೇಳಿದೆ. ನನ್ನ ತಕರಾರು ಇರೋದೇ ಇಲ್ಲಿ. ಮಾಡಬೇಕಾದ ಕೆಲಸಕ್ಕೆ ಸರಿಯಾದ ಸಲಕರಣೆ ಕೊಡದೆ, ಕೆಲಸ ಕೆಟ್ಟಾಗ ಕೈಯನ್ನು ಬೈಯುವ ಅಭ್ಯಾಸ ನಮಗಿದೆ. ಸೆಟ್ಟಿಗೆ, ಕಾಸ್ಟ್ಯೂಮಿಗೆ, ಬ್ರೋಷರಿಗೆ ಖರ್ಚು ಮಾಡುವಾಗ ಯಾರೂ ಹಿಂದೆಮುಂದೆ ನೋಡೋದಿಲ್ಲ. ಒಂದು ಜೊತೆ ಗ್ಲೌಸು, ಒಂದು ಬಲ್ಬು ಕೂರಿಸುವ ಹಿಡಿಕೆ ಅಂದ ಕೂಡಲೇ "ಇಷ್ಟು ವರ್ಷ ಇಲ್ಲದೇ ನಡೀಲಿಲ್ವಾ?" ಅಂತ ಶುರುವಾಗುತ್ತೆ. ನಡೆದದ್ದು ಯಾರ ಬೆರಳು ಸುಟ್ಟುಕೊಂಡು ಅಂತ ಯಾರೂ ಕೇಳೋದಿಲ್ಲ.

ಇನ್ನೊಂದು ವಾದ ಇದೆ, ಇದು ಸ್ವಲ್ಪ ಭಾವನಾತ್ಮಕ. "ಬಡ ರಂಗಭೂಮಿ ನಮ್ಮದು, ಎಣ್ಣೆ ಡಬ್ಬದೊಳಗೆ ಬಲ್ಬು ಇಟ್ಟು ಸ್ಪಾಟ್ ಮಾಡಿದವರು ನಾವು. ಟೂಲು ಗೀಲು ಎಲ್ಲ ವಿದೇಶಿ ಶೋಕಿ." ತಾಪಸ್ ಸೇನ್ ಅವರ ಹೆಸರು ಈ ಹೊತ್ತಿಗೆ ಬಂದೇ ಬರುತ್ತೆ. 1959ರಲ್ಲಿ ಕೊಲ್ಕತ್ತದ ಮಿನರ್ವಾ ಥಿಯೇಟರಿನಲ್ಲಿ ಉತ್ಪಲ್ ದತ್ತರ 'ಅಂಗಾರ್' ನಾಟಕಕ್ಕೆ ಅವರು ಬರೀ ಬೆಳಕಿನಿಂದ ಕಲ್ಲಿದ್ದಲ ಗಣಿಗೆ ನೀರು ನುಗ್ಗಿಸಿದ್ದರು. ಯಾವ ಕಂಪ್ಯೂಟರೂ ಇರಲಿಲ್ಲ. ನಿಜ, ಕೈ ಮುಗಿಯಬೇಕು. ಆದರೆ ಅವರ ಜಾಣತನ ಖರ್ಚಾಗಿದ್ದು ಗಣಿಯೊಳಗೆ ನೀರು ತರೋದಕ್ಕೆ. ಸುಟ್ಟ ಹೋಲ್ಡರ್ ಕೆರೆಯೋದರಲ್ಲೇ ಸಂಜೆ ಕಳೆದರೆ ನೀರು ತರೋಕೆ ನಮಗೆ ಸಮಯ ಎಲ್ಲಿರುತ್ತೆ? ಬೆಳಗ್ಗೆ ಹಾಲ್ ಸಿಕ್ಕಿ, ಸಂಜೆ ಷೋ ಮಾಡಿ, ರಾತ್ರಿಯೇ ಖಾಲಿ ಮಾಡಬೇಕಾದ ಪರಿಸ್ಥಿತಿ ನಮ್ಮದು. ಇರುವ ಏಳೆಂಟು ಗಂಟೆಯಲ್ಲಿ ಲೈಟು ಕಟ್ಟಬೇಕು, ಫೋಕಸ್ ಮಾಡಬೇಕು, ಟೆಕ್ನಿಕಲ್ ಮುಗಿಸಬೇಕು.

ಅಲ್ಲದೆ ಒಂದೇ ಕೆಲಸದ ಟೂಲು ವಿದೇಶಿ ಶೋಕಿ ಅನ್ನೋ ಮಾತೇ ತಮಾಷೆ. ನಮ್ಮ ಅಡುಗೆಮನೆ ನೋಡಿ. ಶಾವಿಗೆ ಒತ್ತುವ ಒರಳು ಬೇರೆ ಏನಕ್ಕೆ ಬರುತ್ತೆ? ಕಾಯಿ ತುರಿಯುವ ಮಣೆ? ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸ್ಟೋವ್ ಪಿನ್ನು. ಸಣ್ಣವನಿದ್ದಾಗ ಅಜ್ಜಿ ಮನೆಯಲ್ಲಿ ಪಂಪ್ ಸ್ಟೋವ್ ಇನ್ನೂ ಇತ್ತು. ಅಂಗೈ ಉದ್ದ ಇಲ್ಲದ ತಗಡಿನ ಪಟ್ಟಿ, ತುದಿಗೆ ಕೂದಲಿನಂಥ ತಂತಿ. ನಿಪ್ಪಲ್ಲಿನ ತೂತು ಕಟ್ಟಿಕೊಂಡಾಗ ಅದರಿಂದ ಒಂದು ಸಲ ಚುಚ್ಚಿದರೆ ಸೀಮೆಎಣ್ಣೆ ಮತ್ತೆ ಭುಸ್ ಅಂತ ಬರುತ್ತಿತ್ತು. ಸೂಜಿ ಹಾಕಿದರೆ ತೂತು ದೊಡ್ಡದಾಗಿ ಸ್ಟೋವೇ ಹಾಳು. ಪಿನ್ನು ಇಲ್ಲದ ಸ್ಟೋವು ಇದ್ದೂ ಇಲ್ಲದ ಹಾಗೆ. ಅದನ್ನು ಯಾರೂ ಶೋಕಿ ಅಂತ ಕರೆದದ್ದು ನಾನು ಕೇಳಿಲ್ಲ.

ಹಾಗಂತ ಕಂಡ ಕಂಡ ಟೂಲನ್ನೆಲ್ಲ ತಗೊಳ್ಳಿ ಅಂತ ಹೇಳ್ತಿಲ್ಲ. ನಮ್ಮ ಸಾಫ್ಟ್‌ವೇರ್ ಜನಕ್ಕೆ ಈ ಕಾಯಿಲೆ ಚೆನ್ನಾಗಿ ಗೊತ್ತು. ಹತ್ತು ನಿಮಿಷದ ಕೆಲಸಕ್ಕೆ ಎರಡು ದಿನ ಕೂತು ಸ್ಕ್ರಿಪ್ಟ್ ಬರೆಯುವ ಜಾತಿ ನಾವು :) ಅದಕ್ಕೆ ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ.

ಒಂದು: ಕೈಗೆ, ಅಥವಾ ಈಗಾಗಲೇ ಚೀಲದಲ್ಲಿರುವ ಟೂಲಿಗೆ, ಆಗದ ಯಾವ ಕೆಲಸವನ್ನು ಇದು ಮಾಡುತ್ತೆ?

ಎರಡು: ಕೆಲಸ ತಪ್ಪಾದರೆ ಹೋಗೋದು ಏನು?

ಮೂರು: ಬೇಕಾದ ಹೊತ್ತಿಗೆ, ಬೇಕಾದವನ ಕೈಯಲ್ಲಿ ಇದು ಇರುತ್ತಾ?

ಎಚ್‌ಪಿಎಲ್ ಕೂರಿಸುವ ಹಿಡಿಕೆಗೆ ಹಾಕಿ ನೋಡೋಣ. ಗಾಜು ಮುಟ್ಟದೆ ಬುಡಕ್ಕೆ ನೇರ ಬಲ ಕೊಡೋದು ಹೊಸಬರ ಕೈಗೆ ಕಷ್ಟ. ತಪ್ಪಾದರೆ ಬಲ್ಬು, ಹೋಲ್ಡರು, ದೃಶ್ಯ ಮೂರೂ ಹೋಗುತ್ತೆ. ಜೇಬಿನಲ್ಲಿ ಹಿಡಿಸುತ್ತೆ. ಮೂರಕ್ಕೆ ಮೂರು ಅಂಕ, ತಗೊಳ್ಳಬಹುದು. ಸಿಗದಿದ್ದರೆ ಬಲ್ಬಿನ ಬುಡಕ್ಕೆ ಸರಿಹೊಂದುವ ಒಂದು ತುಂಡು ಪಿವಿಸಿ ಪೈಪಿನ ಅಂಚು ನುಣುಪು ಮಾಡಿಕೊಂಡರೂ ಆಗುತ್ತೆ. ಬಲ್ಬೂ ಹೋಲ್ಡರೂ ತಣ್ಣಗಿರಬೇಕು, ಪ್ಲಗ್ಗು ಕಿತ್ತಿರಬೇಕು, ಅಷ್ಟೇ.

ರಬ್ಬರ್ ಬಟ್ಟಲಿನ ಕೋಲು? ಛಾವಣಿಯ ಗುಳಿಯೊಳಗೆ ಹುದುಗಿರುವ ಪುಟ್ಟ ರಿಫ್ಲೆಕ್ಟರ್ ಬಲ್ಬುಗಳಿಗೆ ಅದು ವರ. ಅಲ್ಲಿ ಬೆರಳಿಗೆ ಹಿಡಿಯೋಕೇ ಏನೂ ಸಿಗೋದಿಲ್ಲ. ನಾಟಕದ ಲೈಟುಗಳಲ್ಲಿ ಅಂಥ ಜಾಗ ಕಡಿಮೆ. ಬಿಸಿ ಬಲ್ಬಿಗಂತೂ ರಬ್ಬರನ್ನು ತೋರಿಸಲೇಬಾರದು. ಸಭಾಂಗಣದ ನಿರ್ವಹಣೆಯವರು ಇಟ್ಟುಕೊಳ್ಳಲಿ, ನಾಟಕ ತಂಡಕ್ಕೆ ಬೇಡ.

ಪಾರ್ ಕ್ಯಾನು? ಅದರ 1000 ವ್ಯಾಟಿನ ಬಲ್ಬೇ ಒಂದು ಸಣ್ಣ ತಟ್ಟೆಯಷ್ಟು ಅಗಲ, ರಿಫ್ಲೆಕ್ಟರೂ ಲೆನ್ಸೂ ಸೇರಿಕೊಂಡೇ ಇರುತ್ತೆ. ಒಳಗಿನ ತಂತಿ ಹೊರಗಾಜಿನಿಂದ ದೂರ ಇರೋದರಿಂದ ಬೆರಳಿನ ಭಯವೂ ಅಷ್ಟಿಲ್ಲ. ಸುತ್ತ ಇರುವ ಸ್ಪ್ರಿಂಗ್ ರಿಂಗ್ ತೆಗೆಯೋದು ಕಿರಿಕಿರಿ, ನಿಜ. ಅದಕ್ಕೆ ಒಂದು ಇಕ್ಕಳ ಸಾಕು. ವಿಶೇಷ ಟೂಲು ಬೇಡ.

ಎರಡೂ ತುದಿಗೆ ಸ್ಪ್ರಿಂಗು ಇರುವ ಉದ್ದನೆಯ ಟ್ಯೂಬಿನಂಥ ಹ್ಯಾಲೊಜನ್ನಿಗೆ? ಬಟ್ಟೆ ಅಥವಾ ಗ್ಲೌಸು ಸಾಕು. ಒಂದು ತುದಿಯನ್ನು ಒತ್ತಿ ಹಿಡಿದು ಇನ್ನೊಂದು ತುದಿ ಕೂರಿಸಿದರಾಯ್ತು.

ಗ್ಲೌಸಿನ ಮಾತು ಬಂತಲ್ಲ, ಅದಕ್ಕೆ ಮೂರಕ್ಕೆ ಆರು ಅಂಕ ಕೊಡ್ತೀನಿ. ಹೊಸ ಬಲ್ಬಿಗೆ ಸ್ವಚ್ಛ ಹತ್ತಿ ಗ್ಲೌಸು, ಬಿಸಿ ಲೈಟಿಗೆ ಚರ್ಮದ ಗ್ಲೌಸು. ಇಂಟರ್‌ವಲ್ಲಿನ ಹತ್ತು ನಿಮಿಷದಲ್ಲಿ ಬಲ್ಬು ಬದಲಾಯಿಸುವಾಗ ಟವೆಲ್ ಸುತ್ತಿಕೊಂಡು ಹೋಗೋ ಹುಡುಗರನ್ನು ನೋಡಿದರೆ ಎದೆ ಝಲ್ಲೆನ್ನುತ್ತೆ. ಒಳಗೆ ಒತ್ತಡದಲ್ಲಿರುವ ಕಾದ ಕ್ವಾರ್ಟ್ಜ್ ಅದು, ಒಡೆದರೆ ಚೂರು ನೇರ ಮುಖಕ್ಕೆ. ಒಂದು ಸಾದಾ ಪ್ಲಾಸ್ಟಿಕ್ ಕನ್ನಡಕವೂ ಜೊತೆಗಿರಲಿ.

ಇನ್ನು ಎಲ್ಲಕ್ಕಿಂತ ಒಳ್ಳೆಯ ಟೂಲು ಒಂದಿದೆ, ಅದು ಪುಕ್ಕಟೆ. ಬಲ್ಬಿನ ಡಬ್ಬ ತೆಗೆದಾಗ ಗಾಜಿನ ಸುತ್ತ ಫೋಮೋ ಪ್ಲಾಸ್ಟಿಕ್ಕೋ ಸುತ್ತಿರುತ್ತೆ ನೋಡಿ, ಅದು. ಬಹಳ ಜನ ಅದನ್ನು ಮೊದಲು ಕಿತ್ತು ಬಿಸಾಕಿ ಆಮೇಲೆ ಬಲ್ಬು ಹಿಡೀತಾರೆ. ಮಾಡಬೇಕಾದ್ದು ಉಲ್ಟಾ. ಅದನ್ನು ಹಾಗೇ ಇಟ್ಟುಕೊಂಡು ಬಲ್ಬು ಕೂರಿಸಿ, ಕೂತ ಮೇಲೆ ತೆಗೆಯಬೇಕು. ತೆಗೆಯೋದು ಮರೆಯಬಾರದು, ಮರೆತರೆ ಹಾಲ್ ತುಂಬ ಹೊಗೆ :) ಬೆರಳು ತಾಗಿಯೇ ಹೋಯ್ತಾ, ಬಲ್ಬು ಹೊತ್ತಿಸುವ ಮುಂಚೆ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ.

ಮೂರನೇ ಪ್ರಶ್ನೆಯನ್ನು ಹಗುರವಾಗಿ ತಗೋಬೇಡಿ. ತಂಡದ ಕಾರ್ಯದರ್ಶಿಯ ಮನೆ ಬೀರುವಿನಲ್ಲಿ ಭದ್ರವಾಗಿರುವ ಟೂಲಿಗೂ ಇಲ್ಲದ ಟೂಲಿಗೂ ವ್ಯತ್ಯಾಸ ಇಲ್ಲ. ಮೊಬೈಲಿನ ಸಿಮ್ ತೆಗೆಯುವ ಪಿನ್ನು ಎಲ್ಲರ ಮನೆಗೂ ಬಂದಿದೆ, ಬೇಕಾದಾಗ ಯಾರಿಗೂ ಸಿಗೋದಿಲ್ಲ, ಕೊನೆಗೆ ಅಮ್ಮನ ಸೆರಗಿನ ಪಿನ್ನೇ ಗತಿ. ಅದಕ್ಕೆ ನನ್ನ ಸಲಹೆ: ಟೂಲು ಇರಬೇಕಾದ್ದು ಬಲ್ಬಿನ ಪೆಟ್ಟಿಗೆಯೊಳಗೆ, ದಾರ ಕಟ್ಟಿ. ಬಲ್ಬು ತೆಗೆಯುವವನಿಗೆ ಮೊದಲು ಕೈಗೆ ಸಿಗೋದು ಅದೇ ಆಗಬೇಕು. ಏಣಿ ಹತ್ತುವಾಗ ಆ ದಾರ ಮಣಿಕಟ್ಟಿಗೆ ಬರಲಿ. ಕೆಳಗೆ ನಿಂತವರ ತಲೆಯೂ ಮುಖ್ಯ.

ಕೊನೆಯ ಆಕ್ಷೇಪಣೆ, ಇದು ಗಟ್ಟಿಯಾದದ್ದು. "ಎಲ್ಲಾ ಎಲ್‌ಇಡಿ ಆಗ್ತಿದೆ ಮಾರಾಯ, ಬಲ್ಬೇ ಇರಲ್ಲ, ಇನ್ನು ಬಲ್ಬಿನ ಟೂಲು ಯಾಕೆ?" ನಿಜ, ಒಂದೇ ಕೆಲಸದ ಟೂಲಿನ ದೊಡ್ಡ ದೌರ್ಬಲ್ಯವೇ ಅದು. ಕೆಲಸ ಹೋದ ದಿನ ಟೂಲೂ ಹೋಗುತ್ತೆ. ಸ್ಟೋವ್ ಪಿನ್ನು ಈಗ ಎಲ್ಲಿದೆ? ಸ್ಪ್ಯಾನರು ಮಾತ್ರ ಇನ್ನೂ ನೂರು ವರ್ಷ ಇರುತ್ತೆ. ಆದರೆ ಹ್ಯಾಲೊಜನ್ ನಾಳೆಯೇ ಹೋಗೋದಿಲ್ಲ. ಯುರೋಪಿನ ಒಕ್ಕೂಟ ಕಡಿಮೆ ದಕ್ಷತೆಯ ಬಲ್ಬುಗಳನ್ನು ಮಾರುಕಟ್ಟೆಯಿಂದ ತೆಗೆಯುವ ಹೊಸ ನಿಯಮಗಳನ್ನು 2021ರ ಸೆಪ್ಟೆಂಬರಿನಿಂದ ಜಾರಿಗೆ ತಂದಾಗಲೂ, 2018ರಲ್ಲಿ ರಂಗಭೂಮಿಯವರು ದೊಡ್ಡದಾಗಿ ದನಿಯೆತ್ತಿದ್ದರಿಂದ, ವೇದಿಕೆಯ ಹಲವು ಬಗೆಯ ಬಲ್ಬುಗಳಿಗೆ ವಿನಾಯಿತಿ ಸಿಕ್ಕಿತು. ನಮ್ಮ ಬಾಡಿಗೆಯವರ ಗೋಡೌನುಗಳಲ್ಲಿ, ಹಳೆಯ ಸಭಾಂಗಣಗಳ ಬಾರುಗಳ ಮೇಲೆ ಹ್ಯಾಲೊಜನ್ ಲೈಟುಗಳು ಇನ್ನೂ ಇವೆ. ಲೈಟು ಕೊಂಡವರು ಅದು ಪೂರ್ತಿ ಸಾಯುವ ತನಕ ಓಡಿಸ್ತಾರೆ. ಸಾಮಾನ್ಯ ಎಚ್‌ಪಿಎಲ್ ಬಲ್ಬಿನ ಆಯಸ್ಸು ಸುಮಾರು 300 ಗಂಟೆ. ಲೈಟಿನ ಆಯಸ್ಸು ವರ್ಷಗಟ್ಟಲೆ. ಅಂದರೆ ಬಲ್ಬು ಬದಲಾಯಿಸುವ ಕೆಲಸ ಇನ್ನೂ ಬಹಳ ಸಲ ಬರುತ್ತೆ. ಜೊತೆಗೆ ತಯಾರಿಕೆ ಕಡಿಮೆಯಾದಷ್ಟೂ ಬಲ್ಬಿನ ಬೆಲೆ ಏರುತ್ತೆ, ಸಿಗೋದು ಕಷ್ಟವಾಗುತ್ತೆ. ಇರೋದನ್ನು ಜೋಪಾನವಾಗಿ ಕೂರಿಸುವ ಅಗತ್ಯ ಹೆಚ್ಚುತ್ತೆ, ಕಡಿಮೆಯಾಗೋದಿಲ್ಲ.

ಎಲ್‌ಇಡಿ ಬಂದ ಮೇಲೂ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತೆ. ಡಿಎಂಎಕ್ಸ್ ಕೇಬಲ್ ಪರೀಕ್ಷಿಸೋಕೆ ಅಂತಲೇ ಒಂದು ಟೆಸ್ಟರ್ ಇದೆ. ಅದು ಬೇಕಾ, ಅಥವಾ ಕೇಬಲ್ಲನ್ನು ಒಂದೊಂದಾಗಿ ಬದಲಾಯಿಸುತ್ತಾ ಹೋದರೆ ಸಾಕಾ? ಅದೇ ಮೂರು ಪ್ರಶ್ನೆ ಕೇಳಿಕೊಳ್ಳಿ. ಉತ್ತರ ಸಿಗುತ್ತೆ.

ಒಟ್ಟಿನಲ್ಲಿ ನನ್ನ ಅಭಿಪ್ರಾಯ ಇಷ್ಟು. ಗ್ಲೌಸು, ಕನ್ನಡಕ, ಸ್ಪಿರಿಟ್ಟು, ಬಟ್ಟೆ, ಬಲ್ಬು ಕೂರಿಸುವ ಒಂದು ಹಿಡಿಕೆ, ಇವಿಷ್ಟನ್ನು ಪ್ರತಿ ತಂಡವೂ ಇಟ್ಟುಕೊಳ್ಳಬೇಕು. ತಾಲೀಮಿನ ಒಂದೆರಡು ವಾರದ ಟೀ ಖರ್ಚು ಉಳಿಸಿದರೆ ಬರುವ ಸಾಮಾನು. ಅದಕ್ಕಿಂತ ಜಾಸ್ತಿ ಬೇಡ. ಮತ್ತೆ ಅದನ್ನು ತಂದು ಹುಡುಗರ ಕೈಗೆ ಕೊಡುವಾಗ ಹೀಗೇಕೆ ಅಂತ ಐದು ನಿಮಿಷ ಕೂತು ಹೇಳಿ. ಕ್ವಾರ್ಟ್ಜು, ಬೆರಳಿನ ಎಣ್ಣೆ, ಎರಡು ಮಿಲಿಮೀಟರು, ಎಲ್ಲಾ. ಅವರಿಗೆ ಅರ್ಥವಾಗಲ್ಲ ಅನ್ನೋದು ನಮ್ಮ ಭ್ರಮೆ. ಕಾರಣ ತಿಳಿದ ಹುಡುಗ ಟೂಲು ಇಲ್ಲದ ದಿನವೂ ಬಲ್ಬನ್ನು ಸರಿಯಾಗಿಯೇ ಕೂರಿಸ್ತಾನೆ.

ನಿಮ್ಮಲ್ಲಿ ನಾಟಕ, ಯಕ್ಷಗಾನ, ಆರ್ಕೆಸ್ಟ್ರಾ ಅಂತ ಲೈಟಿನ ಹಿಂದೆ ಓಡಾಡಿದವರು ಇದ್ದೇ ಇರ್ತೀರಿ. ನಿಮ್ಮ ತಂಡದ ಪೆಟ್ಟಿಗೆಯಲ್ಲಿ ಏನೇನಿದೆ? ಯಾವ ಟೂಲು ದುಡ್ಡಿಗೆ ತಕ್ಕ ಕೆಲಸ ಮಾಡಿತು, ಯಾವುದು ಪೆಟ್ಟಿಗೆಯ ತಳದಲ್ಲಿ ತುಕ್ಕು ಹಿಡೀತಿದೆ? ಬರೆಯಿರಿ. ಜಗಳಕ್ಕೂ ಸ್ವಾಗತ :)